ಸಂಪತ್ತಿನ ಹುಟ್ಟು: ಕುಂದಾಪುರ, ಬ್ರಹ್ಮಾವರಗಳ ಎರಡು ದೃಷ್ಟಾಂತಗಳು

ದ್ರವ್ಯವನ್ನು ಕೂಡಿಹಾಕುವುದು ಬೇರೆ, ಸಂಪತ್ತನ್ನು ಉಂಟುಮಾಡುವುದು ಬೇರೆ. ಅರ್ಥಶಾಸ್ತ್ರವು ಸೂತ್ರರೂಪವಾಗಿ ಹೇಳುವ ಈ ಅಂತರವನ್ನು ನಮ್ಮ ಕರಾವಳಿಯ ಚರಿತ್ರೆ ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ.

ಕುಂದಾಪುರದ ಕೋಡಿಯ ಅಳಿವೆಯಲ್ಲಿ ಪಂಚಗಂಗಾವಳಿಯ ನೀರು ಕಡಲನ್ನು ಸೇರುತ್ತದೆ. ಅಲ್ಲಿಂದ ಹೊಳೆಯ ಮೇಲಕ್ಕೆ ಇರುವ ಬಸರೂರು ವಿಜಯನಗರದ ಕಾಲದಲ್ಲಿ ಹೆಸರಾಂತ ರೇವುಪಟ್ಟಣವಾಗಿತ್ತು. ಒಳನಾಡಿನ ಗದ್ದೆಗಳ ಅಕ್ಕಿ ಇಲ್ಲಿಂದ ಗೋವೆ, ಮಲಬಾರು, ಹೋರ್ಮುಜ್‌ಗಳಿಗೆ ಹೋಗುತ್ತಿತ್ತು. ಬೆಳೆದ ಊರಿನಲ್ಲಿ ಮಿಕ್ಕಿದ ಅಕ್ಕಿಯನ್ನು ಅದು ಸಾಲದ ಊರಿಗೆ ಮುಟ್ಟಿಸುವುದು ವರ್ತಕನ ಕೆಲಸ. ರೈತನಿಗೆ ಬೆಲೆ, ದೂರದವನಿಗೆ ಅನ್ನ ದೊರೆತ ಮೇಲೆ ಅವನಿಗೂ ಲಾಭ ಉಳಿಯಿತು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಇದೇ ಬಸರೂರನ್ನು ಸೂರೆಮಾಡಿತು. ಸೂರೆಯಿಂದಲೂ ದ್ರವ್ಯ ದೊರೆಯಿತು, ನಿಜ. ಆದರೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತೇ ಹೊರತು ಒಂದು ಕಾಸಿನಷ್ಟೂ ಬೆಳೆಯಲಿಲ್ಲ.

ಎರಡನೆಯ ದೃಷ್ಟಾಂತ ನಮ್ಮ ಕಾಲಕ್ಕೆ ಸಮೀಪದ್ದು. ಕೈಮಗ್ಗದ ಉದ್ಯೋಗ ಕುಸಿದು ನೇಕಾರರು ಕಂಗೆಟ್ಟಿದ್ದಾಗ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾದ ಟಿ. ಎಂ. ಎ. ಪೈ ಈ ಮೂವರು 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದುದು ಇದೇ. ಇದರ ಮೊದಲ ಶಾಖೆ 1928ರಲ್ಲಿ ಬ್ರಹ್ಮಾವರದಲ್ಲಿ ತೆರೆಯಿತು. ಪಿಗ್ಮಿ ಠೇವಣಿಯ ಯೋಜನೆಯೂ ಅದೇ ವರ್ಷದ್ದು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರುತ್ತಿದ್ದನು.

ಎರಡಾಣೆಗಾಗಿ ನಿತ್ಯವೂ ಒಂದು ಮನೆಗೆ ನಡೆಯುವುದು ಲಾಭವನ್ನೇ ಎಣಿಸುವವನಿಗೆ ಜಾಣತನವೆಂದು ತೋರದು. ತಿಂಗಳಿಗೆ ಒಟ್ಟಾಗುವುದು 3 ರೂಪಾಯಿ 12 ಆಣೆ ಮಾತ್ರ. ಆದರೆ ದಿನಗೂಲಿಯವನ ಕೈಯಲ್ಲಿ ಸಂಜೆಯೊಳಗೆ ಕರಗಿಹೋಗುತ್ತಿದ್ದ ನಾಣ್ಯ ಹೀಗೆ ಉಳಿತಾಯವಾಯಿತು. ಅನೇಕರ ಉಳಿತಾಯ ಸೇರಿ ಕಸುಬುದಾರನಿಗೆ ಸಾಲವಾಯಿತು. ಬಸರೂರಿನ ವರ್ತಕನು ಅಕ್ಕಿಗೆ ಮಾಡಿದುದನ್ನು ಈ ಬ್ಯಾಂಕು ಬಿಡಿಕಾಸಿಗೆ ಮಾಡಿತು.

ಬ್ಯಾಂಕು ಬಡ್ಡಿ ಗಳಿಸಲಿಲ್ಲವೇ, ಅದೂ ಹಣದ ಬೆನ್ನುಹತ್ತಿದುದೇ ಅಲ್ಲವೇ ಎಂದು ಕೇಳಬಹುದು. ಗಳಿಕೆಯಲ್ಲಿ ದೋಷವಿಲ್ಲ, ಅದು ಯಾವುದರ ಫಲವೆಂಬುದೇ ಪ್ರಶ್ನೆ. ಗಳಿಸಿದವನು ಇಲ್ಲವಾದರೆ ಉಳಿದವರಿಗೆ ನಷ್ಟವೇ, ನೆಮ್ಮದಿಯೇ ಎಂದು ವಿಚಾರಿಸಿದರೆ ಉತ್ತರ ದೊರೆಯುತ್ತದೆ. ವರ್ತಕನಿಲ್ಲದಿದ್ದರೆ ರೈತನು ಕೆಡುತ್ತಿದ್ದನು. ಸೂರೆಗಾರನಿಲ್ಲದಿದ್ದರೆ ಯಾರೂ ಕೆಡುತ್ತಿರಲಿಲ್ಲ.

ಆ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿಯಿತು. ಆದರೆ ಪಿಗ್ಮಿ ಸಂಗ್ರಹಿಸುವವರು ನಮ್ಮ ಪೇಟೆಗಳಲ್ಲಿ ಇಂದಿಗೂ ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದಾರೆ. ಒಂದು ಸಂಸ್ಥೆ ನಿರ್ಮಿಸಿದ ಮೌಲ್ಯವು ಅದರ ಆಯುಸ್ಸನ್ನೂ ಮೀರಿ ಬಾಳುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.