ಏಳು ಅಕ್ಷರಗಳಲ್ಲಿ ಒಂದು ತೋಟ

ಎ, ಇ, ಟಿ. ಇಂಗ್ಲಿಷಿನ ಈ ಮೂರು ಅಕ್ಷರಗಳನ್ನು ಮಕ್ಕಳ ಮುಂದಿಟ್ಟು, ಎಷ್ಟು ಪದ ಮಾಡಬಹುದು ಎಂದು ಕೇಳಿ ನೋಡಿ. ಮೂರು ಅಕ್ಷರಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು. ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಪದಗಳು ಮೂರು: ತಿನ್ನು ಎನ್ನುವ ‘ಈಟ್’, ತಿಂದ ಎನ್ನುವ ‘ಏಟ್’, ಕುಡಿಯುವ ‘ಟೀ’.

ಅಕ್ಷರ ಬದಲಿಸುವ ಆಟ ನಮಗೆ ಹೊಸದೇನಲ್ಲ. ‘ಸರ’ವನ್ನು ತಿರುಗಿಸಿದರೆ ‘ರಸ’, ‘ವನ’ವನ್ನು ತಿರುಗಿಸಿದರೆ ‘ನವ’. ಆದರೆ ಕನ್ನಡದ ಅಕ್ಷರ ಎಲ್ಲಿಗೆ ಹೋದರೂ ತನ್ನ ಉಚ್ಚಾರವನ್ನು ಜತೆಗೇ ಒಯ್ಯುತ್ತದೆ. ಇಂಗ್ಲಿಷಿನ ಅಕ್ಷರ ಹಾಗಲ್ಲ. ಜಾಗ ಬದಲಾದೊಡನೆ ದನಿಯೂ ಬದಲಾಗುತ್ತದೆ. ‘ಏಟ್’ ಪದದ ಕೊನೆಯ ಇ ಬಾಯಿಯನ್ನೇ ಬಿಡುವುದಿಲ್ಲ. ‘ಟೀ’ಯಲ್ಲಿ ಎ ಸುಮ್ಮನೆ ಕೂರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಸ್ಪೆಲ್ಲಿಂಗ್ ಕಬ್ಬಿಣದ ಕಡಲೆಯಾಗುವುದು ಇಲ್ಲಿಯೇ. ಅಕ್ಷರಗಳಲ್ಲಿ ಪದ ಹುಡುಕುವ ಆಟ ನೆರವಿಗೆ ಬರುವುದೂ ಇಲ್ಲಿಯೇ.

ಕ್ರಮವಾಗಿ ಹುಡುಕಿ

ಈಗ ಏಳು ಚೀಟಿಗಳಲ್ಲಿ ಎ, ಡಿ, ಇ, ಜಿ, ಐ, ಎನ್, ಆರ್ ಎಂದು ಬರೆದುಕೊಳ್ಳಿ. ಏಳು ಅಕ್ಷರಗಳನ್ನು ಜೋಡಿಸುವ ಬಗೆಗಳು 5,040. ನಿಮಿಷಕ್ಕೊಂದರಂತೆ ನೋಡುತ್ತಾ ಹೋದರೂ 84 ಗಂಟೆ ಬೇಕು! ಆದ್ದರಿಂದ ಕುರುಡಾಗಿ ಹುಡುಕಿ ಫಲವಿಲ್ಲ. ಅದಕ್ಕೊಂದು ಕ್ರಮ ಬೇಕು.

ಮೊದಲು ಸ್ವರಗಳನ್ನು ಬೇರೆಯಿಡಿ. ಇಲ್ಲಿ ಎ, ಇ, ಐ ಮೂರು ಸ್ವರಗಳಿವೆ. ಬಳಿಕ ಇಂಗ್ಲಿಷ್ ಪದಗಳ ಬಾಲಗಳನ್ನು ನೆನಪಿಸಿಕೊಳ್ಳಿ: ಐ-ಎನ್-ಜಿ, ಇ-ಡಿ, ಇ-ಆರ್ ಮುಂತಾದವು. ಐ-ಎನ್-ಜಿಯನ್ನು ಬದಿಗಿಟ್ಟರೆ ಉಳಿಯುವುದು ನಾಲ್ಕೇ ಅಕ್ಷರ. ಅವುಗಳಲ್ಲಿ ‘ರೀಡ್’ ಉಂಟು, ‘ಡಿಯರ್’ ಉಂಟು, ‘ಡೇರ್’ ಉಂಟು. ‘ರೀಡ್’ಗೆ ಬಾಲ ಸೇರಿಸಿ. ಏಳೂ ಅಕ್ಷರ ಬಳಸಿದ ‘ರೀಡಿಂಗ್’ ಸಿಕ್ಕಿತು!

ಆಟ ಮುಗಿಯಲಿಲ್ಲ. ಐ ಚೀಟಿಯನ್ನು ತೆಗೆದಿಡಿ. ಉಳಿದ ಆರರಲ್ಲಿ ‘ಗಾರ್ಡನ್’ ಇದೆ. ಅದೇ ಆರು ಚೀಟಿಗಳನ್ನು ಅದಲು ಬದಲು ಮಾಡಿದರೆ ‘ಡೇಂಜರ್’. ಓದಿನೊಳಗೆ ತೋಟವೂ ಇದೆ, ಅಪಾಯವೂ ಇದೆ! ಇನ್ನೂ ಹುಡುಕಿದರೆ ‘ಗ್ರೇಡ್’, ‘ಗ್ರೇನ್’, ‘ಡ್ರೇನ್’, ‘ರೇಂಜ್’, ‘ರೈಡ್’, ‘ರಿಂಗ್’, ‘ಆಂಗರ್’ ಒಂದೊಂದಾಗಿ ಹೊರಬರುತ್ತವೆ.

ಇಷ್ಟರಲ್ಲಿ ಮಗು ಯಾರೂ ಹೇಳಿಕೊಡದ ಒಂದು ಸಂಗತಿಯನ್ನು ಗಮನಿಸಿರುತ್ತದೆ. ‘ಗಾರ್ಡನ್’ನಲ್ಲಿ ಗಟ್ಟಿಯಾಗಿದ್ದ ಜಿ, ಮುಂದೆ ಇ ಬಂದಾಗ ‘ಡೇಂಜರ್’ನಲ್ಲಿ ಮೆತ್ತಗಾಯಿತು. ‘ರೇಂಜ್’ನಲ್ಲೂ ಹಾಗೆಯೇ. ಇದು ನಿಯಮವೇ ಎಂದು ಕೇಳಿದರೆ ‘ಆಂಗರ್’ ಒಪ್ಪುವುದಿಲ್ಲ. ನಿಯಮ, ಅದಕ್ಕೊಂದು ಅಪವಾದ ಎರಡೂ ಚೀಟಿಗಳಲ್ಲೇ ಸಿಕ್ಕವು. ಹೀಗೆ ತಾನೇ ಕಂಡುಕೊಂಡದ್ದು ಬೇಗ ಮರೆಯುವುದಿಲ್ಲ.

ಹುಕ್ ಬಚ್ಚಿಟ್ಟ ಗುಟ್ಟು

ಕೇಳು ಎನ್ನುವ ‘ಲಿಸನ್’ ಮತ್ತು ಮೌನ ಎನ್ನುವ ‘ಸೈಲೆಂಟ್’ ಪದಗಳ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯಿರಿ. ಎರಡಕ್ಕೂ ಬರುವುದು ಇ, ಐ, ಎಲ್, ಎನ್, ಎಸ್, ಟಿ. ನಿಘಂಟಿನ ಪ್ರತಿ ಪದವನ್ನೂ ಹೀಗೆ ಕ್ರಮಪಡಿಸಿ ಇಟ್ಟುಕೊಂಡರೆ ಒಂದೇ ಅಕ್ಷರಗಳ ಪದಗಳೆಲ್ಲ ಒಂದೇ ಕಡೆ ಬಂದು ಕೂರುತ್ತವೆ. ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುವುದಕ್ಕೆ ಇದೂ ಒಂದು ಉಪಾಯ.

ಕಂಪ್ಯೂಟರಿಗಿಂತ ಎಷ್ಟೋ ಹಿಂದೆ ಒಬ್ಬ ವಿಜ್ಞಾನಿ ಈ ಕ್ರಮವನ್ನು ಗುಟ್ಟು ಕಾಯಲು ಬಳಸಿದ್ದ. ಸ್ಪ್ರಿಂಗನ್ನು ಎಳೆದಷ್ಟೂ ಬಲ ಹೆಚ್ಚುತ್ತದೆಂಬ ಹುಕ್‌ನ ನಿಯಮವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅದನ್ನು ನೇರವಾಗಿ ಹೇಳಲಿಲ್ಲ. ಅದನ್ನು ಹೇಳುವ ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಅಚ್ಚು ಹಾಕಿಸಿದ. 1678ರಲ್ಲಿ ತಾನೇ ಒಗಟು ಬಿಡಿಸಿದ. ಶೋಧ ತನ್ನದೇ ಎಂಬುದಕ್ಕೆ ಸಾಕ್ಷಿಯೂ ಆಯಿತು, ಗುಟ್ಟೂ ಉಳಿಯಿತು.

ಅಕ್ಷರಕ್ಕೆ ಬೆಲೆ

ಪದ ಹುಡುಕುವುದನ್ನೇ ಮನೆಮನೆಯ ಆಟವಾಗಿಸಿದಾತ ಅಮೆರಿಕದ ಆಲ್ಫ್ರೆಡ್ ಬಟ್ಸ್. ವೃತ್ತಿಯಲ್ಲಿ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಾಗ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಆಟವೊಂದನ್ನು ರೂಪಿಸಿದ. ಜೇಮ್ಸ್ ಬ್ರೂನೋ ಅದನ್ನು ತಯಾರಿಸಲು ಮುಂದಾದಾಗ, 1948ರಲ್ಲಿ ‘ಸ್ಕ್ರ್ಯಾಬಲ್’ ಎಂಬ ಹೆಸರು ಬಂತು. ಆಟದ 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೇ 12. ಅಪರೂಪದ ಕ್ಯೂ ಮತ್ತು ಜೆಡ್ ಒಂದೊಂದೇ. ಅವಕ್ಕೆ ತಲಾ 10 ಅಂಕ. ಬಹುವಚನ ಮಾಡಿ ಸುಲಭವಾಗಿ ಅಂಕ ಗಿಟ್ಟಿಸಬಾರದೆಂದು ಎಸ್‌ಗೆ ನಾಲ್ಕೇ ಬಿಲ್ಲೆ. ಕೈಯಲ್ಲಿರುವ ಏಳೂ ಅಕ್ಷರಗಳನ್ನು ಒಮ್ಮೆಗೇ ಇಳಿಸಿದವರಿಗೆ 50 ಅಂಕ ಹೆಚ್ಚುವರಿ.

ಅರ್ಥ ತಿಳಿಯದ ಗೆಲುವು

ಈ ಆಟದ ದಿಗ್ಗಜ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. ಆತ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್ ಆದ. ವಿಚಿತ್ರವೆಂದರೆ, ಆತನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ! ಆಟದ ಪದಪಟ್ಟಿಯನ್ನು ಕೆಲವೇ ವಾರಗಳಲ್ಲಿ ಬಾಯಿಪಾಠ ಮಾಡಿದ್ದ. 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲೂ ಹೀಗೆಯೇ ಗೆದ್ದ.

ಅದು ಅಸಾಧಾರಣ ಜ್ಞಾಪಕಶಕ್ತಿ, ಸಂಶಯವಿಲ್ಲ. ಆದರೆ ನಮ್ಮ ಮಕ್ಕಳಿಗೆ ಬೇಕಾದದ್ದು ಅದಲ್ಲ. ಅರ್ಥ ತಿಳಿಯದೆ ಸ್ಪೆಲ್ಲಿಂಗ್ ಉರು ಹೊಡೆದು, ಪರೀಕ್ಷೆ ಮುಗಿದೊಡನೆ ಮರೆಯುವ ಅಭ್ಯಾಸ ಈಗಲೇ ಸಾಕಷ್ಟಿದೆ. ಆದ್ದರಿಂದ ಮನೆಯ ಆಟಕ್ಕೆ ಒಂದು ನಿಯಮ ಸೇರಿಸಿಕೊಳ್ಳಿ: ಪದ ಹುಡುಕಿದರೆ ಒಂದು ಅಂಕ, ಅರ್ಥ ಹೇಳಿದರೆ ಇನ್ನೊಂದು, ಅದನ್ನು ಬಳಸಿ ವಾಕ್ಯ ಮಾಡಿದರೆ ಮೂರು. ಅರ್ಥ ಗೊತ್ತಿಲ್ಲದಿದ್ದರೆ ನಿಘಂಟು ತೆರೆಯಲಿ. ಮೊಬೈಲಿನಲ್ಲಿ ಅಕ್ಷರ ಒತ್ತಿದರೆ ಪಟ್ಟಿಯೇ ಬರುತ್ತದೆ, ನಿಜ. ಅದನ್ನು ಆಟದ ಕೊನೆಗೆ, ಬಿಟ್ಟುಹೋದ ಪದ ನೋಡಲಷ್ಟೇ ಬಳಸಲಿ. ಇಂಗ್ಲಿಷ್ ಬಾರದ ತಂದೆತಾಯಂದಿರೂ ಅಂಕ ಬರೆಯುತ್ತಾ ಕೂರಬಹುದು. ಮಗು ಹೇಳುವ ಅರ್ಥ ಕನ್ನಡದಲ್ಲೇ ಇರುತ್ತದಲ್ಲ!

ಕೊನೆಗೊಂದು ಸವಾಲು. ಓದು ಎನ್ನುವ ‘ಸ್ಟಡಿ’ ಪದದ ಐದೂ ಅಕ್ಷರಗಳನ್ನು ಬಳಸಿ ಇನ್ನೊಂದು ಪದ ಮಾಡಿ. ಸುಳಿವು ಬೇಕೇ? ತೆರೆಯದೆ ಕಪಾಟಿನಲ್ಲೇ ಇಟ್ಟ ನಿಘಂಟು ಹೇಗಿರುತ್ತದೆಂದು ಯೋಚಿಸಿ. ಉತ್ತರ: ದೂಳು ಹಿಡಿದ ಎನ್ನುವ ‘ಡಸ್ಟಿ’.