ಕಾಲಿನ ಹಳೆಯ ಗಂಟು ಮತ್ತು ಬೆವರುಗ್ರಂಥಿಯ ಅರ್ಬುದ

ಚಳ್ಳಕೆರೆಯ ಶೇಂಗಾ ಹೊಲಗಳಲ್ಲಿ, ಮೊಳಕಾಲ್ಮೂರಿನ ರೇಷ್ಮೆಯ ಗುಂಡಿಮಗ್ಗಗಳಲ್ಲಿ ದುಡಿಯುವವರ ಕಾಲಿನಲ್ಲಿ ಆಣಿ, ನರುಲಿ, ಗಂಟುಗಳು ಕಾಣುವುದು ಹೊಸತಲ್ಲ. ಅವುಗಳಲ್ಲಿ ಬಹುಪಾಲು ನಿರಪಾಯಕಾರಿ. ಆದರೆ ಬಹುಕಾಲ ಸುಮ್ಮನಿದ್ದ ಗಂಟೊಂದು ಏಕಾಏಕಿ ಬೆಳೆದು, ಒಡೆದು, ಮುಟ್ಟಿದರೆ ರಕ್ತ ಒಸರತೊಡಗಿದರೆ ಅದನ್ನು ಉಪೇಕ್ಷಿಸಲಾಗದು. ಅಪರೂಪಕ್ಕೆ ಅದು ಬೆವರುಗ್ರಂಥಿಯ ಅರ್ಬುದವಾಗಿರುವುದುಂಟು.

ನಮ್ಮ ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ಬೆವರನ್ನು ಹೊರತರುವ ನಾಳದಲ್ಲಿ ಹುಟ್ಟುವ ಕ್ಯಾನ್ಸರಿಗೆ ‘ಪೊರೊಕಾರ್ಸಿನೋಮ’ ಎಂದು ಹೆಸರು. 1963ರಲ್ಲಿ ಪಿಂಕಸ್ ಮತ್ತು ಮೆಹ್ರೆಗಾನ್ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದರು. 60 ದಾಟಿದವರಲ್ಲಿ, ಕಾಲು, ತಲೆ, ಕುತ್ತಿಗೆಗಳಲ್ಲಿ ಇದು ಹೆಚ್ಚು. ಕೆಲವೊಮ್ಮೆ ‘ಪೊರೋಮ’ವೆಂಬ ನಿರುಪದ್ರವಿ ಗಂಟೇ ವರ್ಷಗಳ ಬಳಿಕ ಹೀಗೆ ಮಾರ್ಪಡುತ್ತದೆ. ಬಿಸಿಲುಸೀಮೆಯವರು ಗಾಬರಿಯಾಗಬೇಕಿಲ್ಲ, ಹೆಚ್ಚು ಬೆವರುವುದರಿಂದ ಈ ರೋಗ ಬರುವುದಿಲ್ಲ.

ಇದರ ಅಪಾಯವಿರುವುದು ಹರಡುವ ಸ್ವಭಾವದಲ್ಲಿ. ಪಾದದಲ್ಲಿ ಹುಟ್ಟಿದ್ದು ದುಗ್ಧನಾಳಗಳ ಮೂಲಕ ತೊಡೆಸಂದಿನ ಗ್ರಂಥಿಗಳನ್ನು ಸೇರುತ್ತದೆ; ಪ್ರಕಟವಾದ ವರದಿಗಳಲ್ಲಿ 100ರಲ್ಲಿ ಸುಮಾರು 20 ರೋಗಿಗಳಿಗೆ ಹೀಗಾಗಿದೆ. ಅಲ್ಲಿಂದ ಶ್ವಾಸಕೋಶ, ಯಕೃತ್ತು, ಮೂಳೆಗಳಿಗೆ ಹಬ್ಬಿದರೆ ಚಿಕಿತ್ಸೆ ಬಹಳ ಕಠಿಣ. ಆದ್ದರಿಂದ ಗಂಟಿನೊಡನೆ ತೊಡೆಸಂದನ್ನೂ ಮುಟ್ಟಿ ನೋಡಬೇಕು. ಅಲ್ಲಿ ನೋವಿಲ್ಲದ ಗಟ್ಟಿ ಗಡ್ಡೆಯಿದ್ದರೆ ಒಂದು ವಾರವೂ ಕಾಯಬಾರದು.

ನಮ್ಮ ಜನರ ಮೊದಲ ಚಿಕಿತ್ಸೆ ಮನೆಯಲ್ಲೇ ನಡೆಯುತ್ತದೆ: ಸುಣ್ಣ-ಸೋಡಾ ಹಚ್ಚುವುದು, ಕರಿಗೇರಿನ ರಸ ತಾಗಿಸುವುದು, ಕುದುರೆಕೂದಲು ಬಿಗಿಯುವುದು. ಮೇಲ್ಭಾಗ ಉದುರಿ ಗಾಯ ಮಾಯ್ದಂತೆ ತೋರುತ್ತದೆ, ಬೇರು ಒಳಗೇ ಉಳಿಯುತ್ತದೆ. ಅರ್ಬುದದ ಶೇಷ ಉಳಿದರೆ ಅದು ಶೀಘ್ರವಾಗಿ ಮರಳಿ ಬೆಳೆಯುತ್ತದೆಂದು ಸುಶ್ರುತಾಚಾರ್ಯರೇ ಎಚ್ಚರಿಸಿದ್ದಾರೆ. ಆಯುರ್ವೇದದ ಹೆಸರಿನಲ್ಲಿ ಲೇಪ ಕೊಟ್ಟು ತಿಂಗಳುಗಟ್ಟಲೆ ಕಾಯಿಸುವವರು ಈ ಮಾತನ್ನು ಓದಿಲ್ಲವೆಂದೇ ನಾವು ಭಾವಿಸುತ್ತೇವೆ.

ಕಣ್ಣಿನಿಂದ ನೋಡಿ ಇದನ್ನು ಗುರುತಿಸುವುದು ಚರ್ಮತಜ್ಞರಿಗೂ ಕಷ್ಟ. ತುಣುಕು ತೆಗೆದು ಬಯಾಪ್ಸಿ ಮಾಡಿಸಲೇಬೇಕು. ಗಂಟನ್ನು ಎಲ್ಲಿಯೇ ಕತ್ತರಿಸಲಿ, ತೆಗೆದದ್ದನ್ನು ಎಸೆಯದೆ ಪರೀಕ್ಷೆಗೆ ಕಳುಹಿಸುವಂತೆ ಕೇಳಿಕೊಳ್ಳಿರಿ. ರೋಗ ಖಚಿತವಾದರೆ ಸುತ್ತಲಿನ ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಮುಖ್ಯ ಉಪಾಯ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಬಳಿಕವೂ ವರ್ಷಗಳ ಕಾಲ ತಪಾಸಣೆ ತಪ್ಪಿಸಬಾರದು. ಹಸಿವು, ನಿದ್ರೆ, ಬಲಗಳ ಸುಧಾರಣೆಗೆ ನಮ್ಮ ಔಷಧಿ ಬೇಕೆನಿಸಿದರೆ, ಶಸ್ತ್ರಚಿಕಿತ್ಸಕರಿಗೆ ತಿಳಿಸಿದ ಮೇಲೆಯೇ ಬನ್ನಿರಿ.