ಹೊಲ ಮಾರಿದ ದುಡ್ಡು ಮುಗಿದ ಮೇಲೆ ಬಂದ ತೆರಿಗೆ

ಮಗಳ ಮದುವೆಗೋ ಹಳೆ ಸಾಲಕ್ಕೋ ಗದಗ-ಬೆಟಗೇರಿ ಆಜೂಬಾಜೂ ಎರಡೆಕರೆ ಮಾರಿದವರ ಮನೆಗೆ ವರ್ಷ ಕಳೆದ ಮೇಲೆ ಆದಾಯ ತೆರಿಗೆ ನೋಟಿಸು ಬಂದರೆ ಮೊದಲು ಕೇಳುವ ಮಾತು, “ಹೊಲಕ್ಕೆಲ್ಲಿ ಟ್ಯಾಕ್ಸ್‌ರೀ?” ಮಾತು ಅರ್ಧ ನಿಜ. ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ. ಹೊಲ ಮಾರಿದ ಲಾಭಕ್ಕೆ ಇದೆಯೋ ಇಲ್ಲವೋ ಅನ್ನುವುದು ಊರಿನಿಂದ ಅದು ಎಷ್ಟು ದೂರ ಅನ್ನುವುದರ ಮೇಲಿದೆ.

ಹತ್ತು ಸಾವಿರ ದಾಟಿ ಒಂದು ಲಕ್ಷದೊಳಗೆ ಜನ ಇರುವ ಊರಾದರೆ ಪುರಸಭೆಯ ಗಡಿಯಿಂದ 2 ಕಿ.ಮೀ. ಒಳಗಿನ ಹೊಲಕ್ಕೆ ತೆರಿಗೆ; ಲಕ್ಷ ದಾಟಿ ಹತ್ತು ಲಕ್ಷದೊಳಗಿನ ಊರಾದರೆ 6 ಕಿ.ಮೀ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯದು ಸುಮಾರು 1.72 ಲಕ್ಷ. ಹಾಗಾಗಿ ಇಲ್ಲಿ 6, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ 2. ಬಸ್ಸು ಸುತ್ತಿ ಹೋಗುವ ರಸ್ತೆಯ ಲೆಕ್ಕವಲ್ಲ, ನಕಾಶೆಯ ಮೇಲೆ ನೇರ ಗೆರೆ ಎಳೆದ ಲೆಕ್ಕ. ನಿಮ್ಮ ಹೊಲ ಅದರಾಚೆ ಇದ್ದರೆ, ದೂರಕ್ಕೆ ತಹಶೀಲ್ದಾರ ಕಚೇರಿಯ ದಾಖಲೆ ಹಿಡಿದು ತಕರಾರು ಹಾಕಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಬಾಕಿಯ ಎದುರು ‘ಒಪ್ಪುವುದಿಲ್ಲ’ ಎಂದು ಕಾರಣ ಬರೆಯಲು ಜಾಗವಿದೆ. ಆದರೆ ಅದು ಮೇಲ್ಮನವಿ ಅಲ್ಲ. ಮೇಲ್ಮನವಿಯನ್ನು ನೋಟಿಸು ಬಂದ 30 ದಿನದೊಳಗೆ ಬೇರೆಯಾಗಿಯೇ ಹಾಕಬೇಕು. ಮೇಲ್ಮನವಿ ಮುಗಿಯುವ ತನಕ ವಸೂಲಿ ನಿಲ್ಲಿಸಲು ಸಾಮಾನ್ಯವಾಗಿ ಬೇಡಿಕೆಯ ಶೇ. 20 ಕಟ್ಟಿಸಿಕೊಳ್ಳುತ್ತಾರೆ.

ಲೆಕ್ಕ ಸರಿ ಇದೆ, ಕೈಯಲ್ಲಿ ಮಾತ್ರ ರೊಕ್ಕ ಇಲ್ಲ ಅನ್ನುವವರದು ಬೇರೆ ದಾರಿ. ಇನ್ನೂ ರಿಟರ್ನ್ ಹಾಕದವರು ಮೊದಲು ಗಡುವಿನೊಳಗೆ ಅದನ್ನು ಹಾಕಲಿ. ತೆರಿಗೆ ಕಟ್ಟದೆಯೂ ಸಲ್ಲಿಸಬಹುದು, ‘ನಂತರ ಪಾವತಿ’ ಎಂಬ ಆಯ್ಕೆ ಇದೆ. ರೊಕ್ಕ ಇಲ್ಲವೆಂದು ರಿಟರ್ನನ್ನೇ ಬಿಟ್ಟರೆ ಬಡ್ಡಿಯ ಮೇಲೆ 5,000 ರೂಪಾಯಿ ತನಕ ತಡ ಶುಲ್ಕವೂ ಬೀಳುತ್ತದೆ.

ನೋಟಿಸು ಕೈಗೆ ಬಂದಿದ್ದರೆ ಹಣ ಕಟ್ಟಲು ಸಾಮಾನ್ಯವಾಗಿ 30 ದಿನ. ಆ ದಿನಗಳು ಮುಗಿಯುವ ಮೊದಲೇ ನಿಮ್ಮ ವ್ಯಾಪ್ತಿಯ ಅಧಿಕಾರಿಗೆ ಕಂತು ಕೇಳಿ ಅರ್ಜಿ ಕೊಡಬೇಕು. 1961ರ ಕಾಯ್ದೆಯಲ್ಲಿ ಇದು 220(3)ನೇ ಕಲಂ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಕಲಂಗಳ ನಂಬರು ಬದಲಾಗಿವೆ. ಅಧಿಕಾರಿ ಯಾರೆಂಬುದು ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿದರೆ ಸಿಗುತ್ತದೆ. “ಬಡವರಿದ್ದೀವಿ, ದಯೆ ತೋರಿಸ್ರಿ” ಎಂದಷ್ಟೇ ಬರೆದರೆ ಉಪಯೋಗ ಕಡಿಮೆ. ಬ್ಯಾಂಕ್ ಪಾಸ್‌ಬುಕ್, ಇರುವ ಸಾಲ, ಮದುವೆ-ಆಸ್ಪತ್ರೆಯ ಖರ್ಚು, ಹೆಸರೋ ಶೇಂಗಾವೋ ಮಾರಿ ರೊಕ್ಕ ಬರುವ ತಿಂಗಳು, ಎಲ್ಲ ತೋರಿಸಿ. ಒಂದಿಷ್ಟು ಈಗಲೇ ಕಟ್ಟಿ ಚಲನ್ ಲಗತ್ತಿಸಿ. ಕೊಡುವುದು ಬಿಡುವುದು ಅವರ ವಿವೇಚನೆ. ಕಂತು ಸಿಕ್ಕ ಮೇಲೆ ಒಂದು ತಪ್ಪಿದರೂ ಉಳಿದದ್ದೆಲ್ಲ ಒಮ್ಮೆಗೇ ಬಾಕಿಯಾಗುತ್ತದೆ, ಆದ್ದರಿಂದ ಜಂಬಕ್ಕೆ ದೊಡ್ಡ ಕಂತು ಬರೆದುಕೊಡಬೇಡಿ.

30 ದಿನ ದಾಟಿದ ಬಾಕಿಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಕಂತು ಸಿಕ್ಕರೂ ಅದು ನಿಲ್ಲುವುದಿಲ್ಲ. ಮೂರು ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ. ತಿಂಗಳಲ್ಲಿ ಒಂದು ದಿನ ಹೆಚ್ಚಾದರೂ ಪೂರ್ತಿ ತಿಂಗಳೇ. ಊರಲ್ಲಿ ಕೈಗಡ ತಂದರೆ ನೂರಕ್ಕೆ ಎರಡೋ ಮೂರೋ. ಕಂತು ಕೇಳದೆ ಆ ಬಡ್ಡಿಗೆ ತಲೆ ಕೊಡುವುದು ನನಗಂತೂ ಅರ್ಥವಾಗದ ವ್ಯವಹಾರ. ಹಾಗೆಂದು ಸರ್ಕಾರದ ಬಾಕಿಯನ್ನು ಅಗ್ಗದ ಸಾಲವೆಂದು ಸುಮ್ಮನೆ ಕೂತರೆ, ಬಾಕಿಯಷ್ಟೇ ದಂಡ ಹಾಕುವ, ಬ್ಯಾಂಕ್ ಖಾತೆಯಿಂದ ನೇರ ವಸೂಲಿ ಮಾಡುವ ಅಧಿಕಾರ ಅವರಿಗಿದೆ.

ಕಟ್ಟಿದ ಮೇಲೂ ಒಂದು ಬಾಗಿಲು ತೆರೆದಿದೆ. ನಿಜವಾದ ಕಷ್ಟ, ಕೈಮೀರಿದ ಕಾರಣ, ಇಲಾಖೆಗೆ ಕೊಟ್ಟ ಸಹಕಾರ, ಈ ಮೂರನ್ನೂ ತೋರಿಸಿದವರು ಇಲಾಖೆ ಹಾಕಿದ ಬಡ್ಡಿಯ ಮಾಫಿಗೆ ಮೇಲಧಿಕಾರಿಗೆ ಅರ್ಜಿ ಹಾಕಬಹುದು. ಅದಕ್ಕಾಗಿ ಕಂತು ಕೇಳಿದ ಮೊದಲ ಅರ್ಜಿಯ ಸ್ವೀಕೃತಿಯನ್ನು ಹೊಲದ ಕಾಗದಪತ್ರದ ಜೊತೆಗೇ ಇಟ್ಟುಕೊಳ್ಳಿ.